ಅಪೊಸ್ತಲಿಕ ಕಾರ್ಮೆಲಿನ ಸ್ಥಾಪಕಿ ವೆರೋನಿಕಾ ಮಾತೆ

ಮಂಗಳೂರಿನಲ್ಲಿ ಸಂತ ಆನ್ನಳ ಹೆಸರಿನ ಕನ್ಯಾಮಠವೂ ಅದಕ್ಕೆ ಸೇರಿದ ಬಾಲಿಕಾ ಪಾಠಶಾಲೆಯೂ 1870ನೆಯ ಇಸವಿಯಿಂದ ಬೆಳೆದುಬಂದಿರುವುದು ಪಶ್ಚಿಮ ಕರಾವಳಿಯ ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯನ್ನು ಬಲ್ಲವರಿಗೆ ವಿದಿತವಾದ ವಿಷಯ. ಅದೇ ಸಂಸ್ಥೆಯ ಸಂನ್ಯಾಸಿನಿಯರು 1921ರಲ್ಲಿ ಅದೇ ನಗರದಲ್ಲಿ ಸಂತ ಆಗ್ನೆಸಳ ಹೆಸರಿನಿಂದ ಮಹಿಳಾ ಕಾಲೇಜನ್ನು ತೆರೆದರೆಂಬುದೂ ಪ್ರಸಿದ್ಧವಾಗಿದೆ. ಆದರೆ ಈ ಸಂಸ್ಥೆಗೆ ಮೂಲಸ್ಥಾಪಕಿ ಯಾರು, ಆಕೆ ಎಲ್ಲಿಯವರು, ಯಾವ ನಿಮಿತ್ತದಿಂದ ಈ ಕಾರ್ಯಕ್ಕೆ ಕೈಯಿಟ್ಟರು ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳಬಲ್ಲವರು ವಿರಳ. ಉತ್ತರವನ್ನು ಅರಸಿ ಹೊರಟವರಿಗೆ ಒಂದು ವಿಚಿತ್ರವಾದ ಸಂಗತಿಯು ಎದುರಾಗುತ್ತದೆ. ಮಂಗಳೂರಿನ ಶಾಲೆಗಾಗಿ ಶಿಷ್ಯೆಯರನ್ನು ಸಿದ್ಧಪಡಿಸಿ ಹಡಗು ಹತ್ತಿಸಿದ ಮಹಿಳೆಯು ತಾನು ಆ ಹಡಗನ್ನು ಹತ್ತಲಿಲ್ಲ. ಸಂಸ್ಥೆಯು ಹುಟ್ಟಿದ ಐದು ವರ್ಷಗಳಲ್ಲಿ ಅದರಿಂದ ದೂರವಾಗಿ, ಬಳಿಕ ಮೂವತ್ತಮೂರು ವರ್ಷಗಳ ಕಾಲ ಏಕಾಂತವಾಸದ ಮಠಗಳ ಗೋಡೆಯೊಳಗೆ ಬಾಳಿ, ಅಲ್ಲಿಯೇ ದೇಹವನ್ನು ಬಿಟ್ಟರು. ಇಂಥವರನ್ನು ಸ್ಥಾಪಕಿಯೆನ್ನುವುದು ಯಾವ ಅರ್ಥದಲ್ಲಿ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಆಕೆಯ ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. ಕ್ರಿ. ಶ. 1823ನೆಯ ಅಕ್ಟೋಬರ್ 1ರಂದು ತುರ್ಕರ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಜನನ. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಎಂಬವರು ಆಂಗ್ಲಿಕನ್ ಸಂಪ್ರದಾಯದ ಪಾದ್ರಿಗಳು. ಆ ನಗರದಲ್ಲಿದ್ದ ಇಂಗ್ಲೀಷರ ಧರ್ಮಗುರುಗಳಾಗಿದ್ದುದಲ್ಲದೆ ಬೈಬಲ್ ಸೊಸೈಟಿಯ ಪ್ರತಿನಿಧಿಗಳೂ ಆಗಿದ್ದು, ಬೈಬಲ್ಲನ್ನು ಅಂದಿನ ಜನರು ಆಡುವ ಗ್ರೀಕಿಗೆ ತರುವ ಕಾರ್ಯದಲ್ಲಿ ಬಹುಕಾಲ ಶ್ರಮಿಸಿದವರು. ಗ್ರೀಕರು ತುರ್ಕರ ಮೇಲೆ ತಿರುಗಿಬಿದ್ದು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕಾಲವದು. ಸಂಸಾರವು ಮುಂದೆ ಗ್ರೀಸಿನಲ್ಲಿ ನೆಲಸಿತು. ಅಥೆನ್ಸಿನಲ್ಲಿ ಇಂದಿಗೂ ಇರುವ ಸಂತ ಪೌಲರ ಆಂಗ್ಲಿಕನ್ ದೇವಾಲಯವು ಈ ಲೀವ್ಸ್ ಪಾದ್ರಿಗಳ ಪ್ರಯತ್ನದ ಫಲ. ಮೂಲಗ್ರಂಥವನ್ನು ಲೋಕದ ಭಾಷೆಗೆ ಇಳಿಸುವ ಪಂಡಿತನ ಮನೆಯಲ್ಲಿ ಬೆಳೆದವಳಿಗೆ ಹಲವು ಭಾಷೆಗಳ ಪರಿಚಯವೂ ಶಾಸ್ತ್ರವಿಚಾರದ ರುಚಿಯೂ ಬಾಲ್ಯದಲ್ಲಿಯೇ ದೊರೆತುವೆಂದು ಬೇರೆ ಹೇಳಬೇಕಾಗಿಲ್ಲ. ತಂದೆಯು 1845ರಲ್ಲಿ ತೀರಿಕೊಂಡರು.

1850ನೆಯ ಫೆಬ್ರವರಿ 2ರಂದು ಮಾಲ್ಟಾ ದ್ವೀಪದಲ್ಲಿ ಸೋಫಿಯು ರೋಮನ್ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದಳು. ಇದು ಸಾಮಾನ್ಯವಾದ ನಿರ್ಧಾರವಲ್ಲ. ಮತಾಂತರವೆಂದರೆ ಇಲ್ಲಿ ದೇವರನ್ನು ಬದಲಾಯಿಸಿದುದಲ್ಲ, ಗುರುಪರಂಪರೆಯನ್ನು ಬದಲಾಯಿಸಿದುದು. ಒಂದೇ ವೇದವನ್ನು ಒಪ್ಪುವ ಎರಡು ದರ್ಶನಗಳ ನಡುವಿನ ವೈರವು ಎಷ್ಟು ತೀಕ್ಷ್ಣವಾಗಬಲ್ಲುದೆಂಬುದನ್ನು ನಮ್ಮ ದೇಶದ ವಾದಗ್ರಂಥಗಳನ್ನು ಓದಿದವರಿಗೆ ವಿವರಿಸುವ ಅಗತ್ಯವಿಲ್ಲ. ತಂದೆಯ ಜೀವಮಾನದ ದುಡಿಮೆಯೆಲ್ಲ ಯಾವ ಪಕ್ಷಕ್ಕೆ ಸಂದಿತ್ತೋ ಆ ಪಕ್ಷವನ್ನು ಮಗಳು ಬಿಟ್ಟಳು. ಮರುವರ್ಷ, ಎಂದರೆ 1851ರಲ್ಲಿ, ಎಮಿಲಿ ದ ವಿಯಾಲಾರ್ ಎಂಬ ಫ್ರೆಂಚ್ ಮಹಿಳೆ ಸ್ಥಾಪಿಸಿದ್ದ ಸಂತ ಜೋಸೆಫರ ಭಗಿನೀಸಂಘವನ್ನು ಸೇರಿ ಕ್ರಿಸ್ತಯಾತನೆಯ ವೆರೋನಿಕಾ ಎಂಬ ಆಶ್ರಮನಾಮವನ್ನು ಪಡೆದರು. ಈ ಸಂಘದವರು ಶಾಲೆ, ಆಸ್ಪತ್ರೆ, ಅನಾಥಾಲಯಗಳನ್ನು ನಡೆಸಿಕೊಂಡು ಪೂರ್ವದೇಶಗಳಲ್ಲಿ ಸಂಚರಿಸುತ್ತಿದ್ದವರು.

ಹೀಗೆ 1862ರ ಸುಮಾರಿಗೆ ವೆರೋನಿಕಾ ಮಾತೆಯವರು ಕಲ್ಲಿಕೋಟೆಗೆ ಬಂದರು. ಅಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಬಾಲಿಕೆಯರ ಶಾಲೆಯೊಂದು ಇವರ ಕೈಯಿಂದ ಆರಂಭವಾಯಿತು. ಇವರು ಭಾರತದಲ್ಲಿದ್ದುದು ಕೆಲವೇ ವರ್ಷಗಳು. ಆದರೆ ಮುಂದಿನ ಸಮಸ್ತ ವೃತ್ತಾಂತಕ್ಕೂ ಬೀಜವು ಬಿದ್ದುದು ಅಲ್ಲಿಯೇ.

ಆಗಿನ ಪಶ್ಚಿಮ ಕರಾವಳಿಯ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಮಲೆಯಾಳ ಜಿಲ್ಲೆಯೂ ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದುವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ, ಮುದ್ರಣಾಲಯ, ಕೈಗಾರಿಕೆಗಳನ್ನು ಸ್ಥಾಪಿಸಿ, 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡ ಪತ್ರಿಕೆಯನ್ನೂ ಹೊರಡಿಸಿದ್ದರು. 1854ರ ವಿದ್ಯಾಭ್ಯಾಸದ ನಿರೂಪದಿಂದಾಗಿ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನವು ದೊರೆಯುವ ಮಾರ್ಗವೂ ತೆರೆದಿತ್ತು. ಕ್ಯಾಥೊಲಿಕರಾದರೋ ಸಂಖ್ಯೆಯಲ್ಲಿ ಹೆಚ್ಚಿನವರು, ಕರಾವಳಿಯಲ್ಲಿ ಬಹು ಹಿಂದಿನಿಂದ ನೆಲಸಿದವರು. ಆದರೂ ಹೆಣ್ಣುಮಕ್ಕಳಿಗೆ ಕ್ರಮವಾದ ವಿದ್ಯೆಯನ್ನು ಕೊಡುವುದರಲ್ಲಿ ಹಿಂದೆ ಉಳಿದಿದ್ದರು. ಅವರ ಧರ್ಮಗುರುಗಳು ಕಾರ್ಮೆಲ್ ಯತಿಗಳು. ಈ ಯತಿಗಳಿಗೂ ನಮ್ಮ ಕರಾವಳಿಗೂ ಸಂಬಂಧವು 17ನೆಯ ಶತಮಾನದಿಂದ ಬಂದುದು. ಮಲೆಯಾಳದಲ್ಲಿದ್ದು ಸಂಸ್ಕೃತವನ್ನು ಕಲಿತು, 1790ರಲ್ಲಿ ರೋಮಿನಲ್ಲಿ ಸಂಸ್ಕೃತ ವ್ಯಾಕರಣವನ್ನು ಅಚ್ಚು ಹಾಕಿಸಿದ ಪೌಲಿನುಸ್ ಎಂಬವರು ಈ ಪಂಗಡದವರೇ. ಯೂರೋಪಿನಲ್ಲಿ ಮುದ್ರಿತವಾದ ಮೊದಲ ಸಂಸ್ಕೃತ ವ್ಯಾಕರಣವೆಂಬ ಕೀರ್ತಿ ಆ ಗ್ರಂಥಕ್ಕಿದೆ.

ಕಾರ್ಮೆಲ್ ಯತಿಗಳಲ್ಲಿ ಮರೀ ಎಫ್ರೇಮ್ ಗಾರೆಲೋನ್ ಎಂಬ ಫ್ರೆಂಚರೊಬ್ಬರಿದ್ದರು. ಕಾರ್ಮೆಲಿನ ಧ್ಯಾನನಿಷ್ಠೆಯನ್ನು ಬಿಡದೆ, ಅದರೊಂದಿಗೆ ಬಾಲಿಕೆಯರಿಗೆ ಪಾಠ ಹೇಳುವ ಸಂನ್ಯಾಸಿನೀಸಂಘವೊಂದು ಈ ಕರಾವಳಿಗೆ ಬೇಕೆಂಬುದು ಅವರ ಸಂಕಲ್ಪ. ವೆರೋನಿಕಾ ಮಾತೆಯವರಿಗೆ ಕಾರ್ಮೆಲಿನ ಏಕಾಂತವಾಸದ ಕಡೆಗೆ ಮನಸ್ಸು ಎಳೆಯುತ್ತಿತ್ತು. ಒಬ್ಬರಿಗೆ ಶಾಲೆ ಬೇಕು, ಇನ್ನೊಬ್ಬರಿಗೆ ಮೌನ ಬೇಕು. ಈ ಎರಡೂ ಸೇರಿ ಒಂದು ಸಂಸ್ಥೆಯಾದ ಬಗೆಯೇ ಅಪೊಸ್ತಲಿಕ ಕಾರ್ಮೆಲಿನ ಚರಿತ್ರೆ. ಅಪೊಸ್ತಲಿಕ ಎಂದರೆ ಕ್ರಿಸ್ತನ ಪ್ರಥಮ ಶಿಷ್ಯರಂತೆ ಲೋಕದ ನಡುವೆ ಹೊರಟು ಕೆಲಸ ಮಾಡುವುದು. ಕಾರ್ಮೆಲ್ ಎಂದರೆ ಲೋಕದಿಂದ ಒಳಸರಿಯುವುದು. ಹೆಸರಿನಲ್ಲಿಯೇ ಪ್ರವೃತ್ತಿ ನಿವೃತ್ತಿಗಳೆರಡೂ ಕೂಡಿವೆ.

ಈ ಕೂಡಿಕೆಯು ಎಷ್ಟು ಕಷ್ಟವಾದುದೆಂಬುದನ್ನು ಅರಿಯಲು ಕ್ರೈಸ್ತ ಸಂನ್ಯಾಸಿನಿಯರ ಧರ್ಮಶಾಸ್ತ್ರವನ್ನು ನೋಡಬೇಕು. ಕಾರ್ಮೆಲ್ ಎಂಬುದು ಪ್ಯಾಲೆಸ್ತೀನಿನ ಒಂದು ಬೆಟ್ಟ. ಪ್ರವಾದಿ ಎಲೀಯನ ತಪಸ್ಸಿನ ನೆಲೆಯೆಂದು ಪ್ರಸಿದ್ಧ. ಅಲ್ಲಿದ್ದ ತಪಸ್ವಿಗಳಿಗೆ 13ನೆಯ ಶತಮಾನದ ಆರಂಭದಲ್ಲಿ ಜೆರುಸಲೇಮಿನ ಪೀಠಾಧಿಪತಿ ಆಲ್ಬರ್ಟರು ಒಂದು ನಿಯಮಾವಳಿಯನ್ನು ಬರೆದುಕೊಟ್ಟರು. ಸ್ಪೇನಿನ ಆವಿಲಾ ಪಟ್ಟಣದಲ್ಲಿ 1562ರಲ್ಲಿ ತೆರೇಸಾ ಎಂಬ ಮಹಾಯೋಗಿನಿಯು ಈ ಪರಂಪರೆಯನ್ನು ಶುದ್ಧಿಗೊಳಿಸಿ ಪಾದುಕಾರಹಿತ ಕಾರ್ಮೆಲ್ ಶಾಖೆಯನ್ನು ತೊಡಗಿದಳು. ಆ ಶಾಖೆಯ ಸಂನ್ಯಾಸಿನಿಯರು ಮಠದ ಆವರಣವನ್ನು ದಾಟುವಂತಿಲ್ಲ. ಬಂದವರೊಡನೆ ಮಾತನಾಡುವುದೂ ಕಂಬಿಯ ಹಿಂದಿನಿಂದ. 1563ರಲ್ಲಿ ಮುಗಿದ ಟ್ರೆಂಟಿನ ಮಹಾಸಭೆಯು ಸಂನ್ಯಾಸಿನಿಯರಿಗೆ ಆವರಣವಾಸವನ್ನು ದೃಢಪಡಿಸಿತು. 1566ರಲ್ಲಿ ಐದನೆಯ ಪಯಸ್ ಪೋಪರು ಅದನ್ನು ಮತ್ತಷ್ಟು ಬಿಗಿಗೊಳಿಸಿದರು. ಇಂಗ್ಲೆಂಡಿನ ಮೇರಿ ವಾರ್ಡ್ ಎಂಬಾಕೆ ಆವರಣವಿಲ್ಲದೆ ಬಾಲಿಕೆಯರಿಗೆ ಪಾಠ ಹೇಳುವ ಸಂಘವನ್ನು ಕಟ್ಟಲು ಹೋದಾಗ ಎಂಟನೆಯ ಅರ್ಬನ್ ಪೋಪರು 1631ರಲ್ಲಿ ಆ ಸಂಘವನ್ನೇ ರದ್ದುಪಡಿಸಿದುದುಂಟು. ಮುಂದೆ ಕಾಲಕ್ರಮದಲ್ಲಿ, ವಿಶೇಷವಾಗಿ 19ನೆಯ ಶತಮಾನದ ಫ್ರಾನ್ಸಿನಲ್ಲಿ, ಲಘುವ್ರತಗಳನ್ನು ತೊಟ್ಟು ಶಾಲೆ ಆಸ್ಪತ್ರೆಗಳಲ್ಲಿ ದುಡಿಯುವ ಭಗಿನೀಸಂಘಗಳು ಬಹಳವಾಗಿ ಬೆಳೆದುವು. ಆದರೆ ಶಾಸ್ತ್ರವು ಆಚಾರವನ್ನು ಹಿಂಬಾಲಿಸಿದುದು ತಡವಾಗಿ. ಅಂಥ ಸಂಘಗಳವರ ಜೀವನವನ್ನು ಪೂರ್ಣಾರ್ಥದಲ್ಲಿ ಧಾರ್ಮಿಕಾಶ್ರಮವೆಂದು ಹದಿಮೂರನೆಯ ಲಿಯೋ ಪೋಪರು ಮಾನ್ಯ ಮಾಡಿದುದು 1900ರಲ್ಲಿ.

ಸಂನ್ಯಾಸಿನಿಯರ ಪರಂಪರೆಯು ನಮ್ಮ ನಾಡಿಗೆ ಅಪರಿಚಿತವೇನೂ ಅಲ್ಲ. ಶ್ರವಣಬೆಳುಗೊಳದ ಪ್ರಾಚೀನ ಶಾಸನಗಳಲ್ಲಿ ಕಂತಿಯರ ಹೆಸರುಗಳು ಹಲವೆಡೆ ಬರುತ್ತವೆ. ಆದರೆ ಅಲ್ಲಿ ಹೇಳಿರುವುದು ಹೆಚ್ಚಾಗಿ ಅವರ ವ್ರತವನ್ನೂ ಸಮಾಧಿಯನ್ನೂ ಕುರಿತು. ತಪಸ್ಸಿಗೆ ಕುಳಿತವಳು ಪ್ರತಿದಿನ ಬೆಳಗ್ಗೆ ಎದ್ದು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಬೇಕೆಂದರೆ, ಯಾವ ಸಂಪ್ರದಾಯದಲ್ಲಾದರೂ ಹೊಸ ವಿಧಿಯೇ ಬೇಕಾಗುತ್ತದೆ.

ವೆರೋನಿಕಾ ಮಾತೆಯವರು ಭಾರತದಿಂದ ಫ್ರಾನ್ಸಿಗೆ ಮರಳಿ, 1867ನೆಯ ಜೂನ್ ತಿಂಗಳಲ್ಲಿ ಪಿರೆನೀಸ್ ಪರ್ವತದ ತಪ್ಪಲಿನ ಪೋ ಎಂಬ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಹೋಗುವಾಗ ಒಬ್ಬಳೇ ಶಿಷ್ಯೆಯನ್ನು ಕರೆದುಕೊಂಡು ಹೋದರು. ಆಕೆ ಗಲಿಲಾಯದ ಇಬಿಲ್ಲೀನ್ ಗ್ರಾಮದ ಅರಬ್ ಹುಡುಗಿ ಮರಿಯಮ್ ಬಾವಾರ್ದಿ. ಅನಾಥೆ, ಓದುಬರಹ ಬಾರದವಳು. ಧ್ಯಾನದಲ್ಲಿ ಪರವಶಳಾಗುತ್ತಿದ್ದ ಈಕೆಯನ್ನು ಮಾರ್ಸೇಲ್ಸಿನ ಸಂತ ಜೋಸೆಫರ ಸಂಘದವರು ತಮ್ಮಲ್ಲಿ ಇರಿಸಿಕೊಳ್ಳಲು ಒಪ್ಪಲಿಲ್ಲ. ಇತರರು ಅಂಜಿ ಬಿಟ್ಟವಳನ್ನು ಕೈಹಿಡಿದು ಕರೆತಂದುದರಲ್ಲಿ ವೆರೋನಿಕಾ ಮಾತೆಯವರ ಸ್ವಭಾವವು ಎಷ್ಟು ಸ್ಪಷ್ಟವಾಗಿ ತೋರುತ್ತದೆಯೋ ಮತ್ತಾವ ಸಂಗತಿಯಲ್ಲಿಯೂ ಅಷ್ಟು ತೋರುವುದಿಲ್ಲ.

ಪೋ ಮಠದಲ್ಲಿ ಒಂದು ವರ್ಷದ ಅಭ್ಯಾಸವಾದ ಮೇಲೆ, 1868ನೆಯ ಜುಲೈ 16ರಂದು, ಎಂದರೆ ಕಾರ್ಮೆಲ್ ಮಾತೆಯ ಹಬ್ಬದ ದಿನ, ಸಮೀಪದ ಬಯೋನ್ ನಗರದಲ್ಲಿ ಅಪೊಸ್ತಲಿಕ ಕಾರ್ಮೆಲಿನ ಮೊದಲ ಮನೆಯು ತೆರೆಯಿತು. ಅದೇ ವರ್ಷ ಮರೀ ಎಫ್ರೇಮರು ಕೊಲ್ಲಂ ಪ್ರಾಂತದ ಬಿಷಪ್ಪರಾಗಿ ನೇಮಕಗೊಂಡರು. 1870ರಲ್ಲಿ ಮಂಗಳೂರಿಗೆ ವರ್ಗವಾಯಿತು. ಬಯೋನಿನ ಮನೆಯು ವಾಸ್ತವವಾಗಿ ಮಂಗಳೂರಿಗಾಗಿ ನಡೆದ ಗುರುಕುಲ. ಅಲ್ಲಿ ಬಂದು ಸೇರಿದವರಿಗೆ ಕಾರ್ಮೆಲಿನ ಪ್ರಾರ್ಥನಾಕ್ರಮವನ್ನೂ ಅಧ್ಯಾಪನಕ್ಕೆ ಬೇಕಾದ ಶಿಕ್ಷಣವನ್ನೂ ಕೊಟ್ಟು ಕಳುಹಿಸುವುದು ಉದ್ದೇಶ. ಪೂರ್ಣ ಆವರಣವುಳ್ಳ ಎರಡನೆಯ ಪಂಗಡದ ಬದಲು, ಲೋಕದೊಡನೆ ಸಂಪರ್ಕಕ್ಕೆ ಅವಕಾಶವಿರುವ ಕಾರ್ಮೆಲಿನ ಮೂರನೆಯ ಪಂಗಡದ ಆಧಾರದ ಮೇಲೆ ಸಂಘವನ್ನು ನಿಲ್ಲಿಸಿದುದರಿಂದ ಶಾಸ್ತ್ರದ ತೊಡಕು ಬಿಡಿಸಿಕೊಂಡಿತು. ತೆರೇಸಾಳ ಧ್ಯಾನಮಾರ್ಗವು ಉಳಿಯಿತು, ಕಂಬಿಯ ಬಾಗಿಲು ತೆಗೆಯಿತು.

ಕಾರ್ಮೆಲ್ ಸಂಪ್ರದಾಯದಲ್ಲಿ ಬೋಧಕ ಸಂನ್ಯಾಸಿನಿಯರು ಭಾರತದಲ್ಲಿ ಮೊದಲು ಕಾಣಿಸಿದುದು ಮಂಗಳೂರಿನಲ್ಲಿಯೇ ಎಂದು ಹೇಳುವುದು ಸಾಧುವಲ್ಲ. 1866ರಲ್ಲಿಯೇ ಕೊಚ್ಚಿಯ ಬಳಿಯ ಕೂನಮ್ಮಾವು ಎಂಬಲ್ಲಿ ಎಲೀಶ್ವಾ ಎಂಬ ವಿಧವೆಯನ್ನು ಮುಂದಿಟ್ಟುಕೊಂಡು ಮೂರನೆಯ ಪಂಗಡದ ಕನ್ಯಾಮಠವು ಆರಂಭವಾಗಿತ್ತು. ಹಾಗೆಯೇ 1948ರಿಂದ ಬೆಂಗಳೂರಿನಲ್ಲಿರುವ ಮೌಂಟ್ ಕಾರ್ಮೆಲ್ ಕಾಲೇಜನ್ನು ಹೆಸರಿನ ಸಾಮ್ಯದಿಂದ ಈ ಸಂಸ್ಥೆಯದೆಂದು ಭ್ರಮಿಸುವವರುಂಟು. ಅದು ಬೇರೊಂದು ಕಾರ್ಮೆಲ್ ಸಂಘದ್ದು.

1870ರಲ್ಲಿ ಮಂಗಳೂರಿಗೆ ಹೊರಟುದು ಒಂದು ಕಾರ್ಮೆಲ್ ಅಲ್ಲ, ಎರಡು. ಪೋ ಮಠದಿಂದ ಆವರಣವಾಸದ ಸಂನ್ಯಾಸಿನಿಯರು ಆಗಸ್ಟ್ ತಿಂಗಳಲ್ಲಿ ಹೊರಟರು. ಅವರಲ್ಲಿ ಮರಿಯಮಳೂ ಇದ್ದಳು. ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧವು ಹತ್ತಿಕೊಂಡಿದ್ದ ಸಮಯ. ಸೂಯೆಜ್ ಕಾಲುವೆಯು ತೆರೆದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಕೆಂಪುಸಮುದ್ರದ ಬೇಗೆಯಲ್ಲಿ ಸಾಗಿದ ಆ ಯಾತ್ರೆಯಲ್ಲಿ ಮೂವರು ಸಂನ್ಯಾಸಿನಿಯರು ಮಂಗಳೂರನ್ನು ಕಾಣದೆ ಅಸುನೀಗಿದರು. ಬಯೋನಿನಲ್ಲಿ ಸಿದ್ಧರಾದ ಅಪೊಸ್ತಲಿಕ ಕಾರ್ಮೆಲಿನ ಮೂವರು, ಮರೀ ದೇಸಾಂಜ್ ಮಾತೆಯವರ ಮುಂದಾಳುತನದಲ್ಲಿ, ಅದೇ ವರ್ಷ ನವೆಂಬರ್ 19ರಂದು ಮಂಗಳೂರನ್ನು ಮುಟ್ಟಿದರು. ಮರೀ ದೇಸಾಂಜ್ ಎಂದರೆ ದೇವದೂತರ ಮರಿಯಾ ಎಂದರ್ಥ. ಆವರಣವಾಸದ ಮಠವು ಒಂದು ಕಡೆ, ಶಾಲೆಯನ್ನು ನಡೆಸುವ ಮಠವು ಇನ್ನೊಂದು ಕಡೆ, ಹೀಗೆ ಒಂದೇ ವೃಕ್ಷದ ಎರಡು ಕೊಂಬೆಗಳು ಒಂದೇ ಊರಿನಲ್ಲಿ ನೆಲೆಗೊಂಡುವು. ವೆರೋನಿಕಾ ಮಾತೆಯವರು ಬಯೋನಿನಲ್ಲಿಯೇ ಉಳಿದರು. ಮುಂದೆ ಬರಬೇಕಾದವರನ್ನು ಸಿದ್ಧಪಡಿಸಲು ಯಾರಾದರೂ ಅಲ್ಲಿ ಇರಲೇಬೇಕಾಗಿತ್ತು.

ಮರಿಯಮಳು 1871ನೆಯ ನವೆಂಬರ್ 21ರಂದು ಮಂಗಳೂರಿನಲ್ಲಿ ವ್ರತಸ್ವೀಕಾರ ಮಾಡಿದಳು. ಆಕೆಯ ಅಲೌಕಿಕಾನುಭವಗಳ ವಿಷಯದಲ್ಲಿ ಅಲ್ಲಿಯ ಹಿರಿಯರಿಗೆ ಸಂಶಯವುಂಟಾಗಿ, 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಹಿಂದಿರುಗಿಸಲಾಯಿತು. ಅನುಭಾವಿಗಳಿಗೂ ಮಠಾಧಿಕಾರಿಗಳಿಗೂ ನಡುವೆ ಇಂಥ ಇಕ್ಕಟ್ಟುಗಳು ಎಲ್ಲ ಮತಗಳಲ್ಲಿಯೂ ಕಂಡುಬರುವುವೇ.

ಹೊಸ ಸಂಸ್ಥೆಗೆ ಕಠಿನವಾದ ಪೆಟ್ಟು ಬಿದ್ದುದು 1873ರಲ್ಲಿ. ಏಪ್ರಿಲ್ ತಿಂಗಳಲ್ಲಿ ಬಿಷಪ್ ಮರೀ ಎಫ್ರೇಮರು ಕಾಲವಶರಾದರು. ಬಯೋನಿನ ಮನೆಯೂ ಅದೇ ವರ್ಷ ಮುಚ್ಚಿಹೋಯಿತು. ವೆರೋನಿಕಾ ಮಾತೆಯವರು ಪೋ ಪಟ್ಟಣದ ಆವರಣವಾಸಕ್ಕೆ ಹಿಂತಿರುಗಿದರು. ಐದು ವರ್ಷಗಳ ಹಿಂದೆ ಯಾವ ಬಾಗಿಲಿನಿಂದ ಸಂಸ್ಥೆಯನ್ನು ಕಟ್ಟಲು ಹೊರಬಂದಿದ್ದರೋ ಅದೇ ಬಾಗಿಲಿನಿಂದ ಒಳಕ್ಕೆ ಹೋದರು. ಮಂಗಳೂರಿನ ಕೆಲವೇ ಮಂದಿ ಸಂನ್ಯಾಸಿನಿಯರಿಗೆ ಆಶ್ರಯದಾತರಾದ ಬಿಷಪ್ಪರೂ ಇಲ್ಲ, ಹೊಸಬರನ್ನು ಕಳುಹಿಸುವ ತಾಯಿಮನೆಯೂ ಇಲ್ಲ. ಮೇಲಾಗಿ 1878ರ ಕೊನೆಯಲ್ಲಿ ಮಂಗಳೂರು ಪ್ರಾಂತವು ಕಾರ್ಮೆಲ್ ಯತಿಗಳ ಕೈಯಿಂದ ಜೆಸುಯಿತರ ಕೈಗೆ ಬಂದಿತು. ತಮ್ಮ ಪರಂಪರೆಯ ಗುರುಗಳೂ ಊರಿನಿಂದ ಹೊರಟುಹೋದ ಮೇಲೆ ಈ ಮಹಿಳೆಯರು ಕಾರ್ಮೆಲಿನ ಹೆಸರನ್ನೂ ನಿಯಮವನ್ನೂ ಬಿಟ್ಟು ಬೇರೊಂದು ಸಂಘದಲ್ಲಿ ಲೀನರಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹಾಗಾಗಲಿಲ್ಲ. ಮರೀ ದೇಸಾಂಜ್ ಮಾತೆಯವರೂ ಸಹಚರಿಯರೂ ನಿಂತರು. ಸ್ಥಳೀಯ ಕನ್ಯೆಯರು ಬಂದು ಸೇರಿದರು. ಫ್ರಾನ್ಸಿನ ಮೂಲವು ಬತ್ತಿದ ಮೇಲೆ ಮಂಗಳೂರೇ ಮೂಲವಾಯಿತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಸಂಕಲ್ಪವು ಬಿಷಪ್ಪರದು, ಸ್ಥಳದಲ್ಲಿ ದುಡಿದು ಉಳಿಸಿದುದು ಮರೀ ದೇಸಾಂಜರು. ಹಾಗಿರುವಾಗ ನಡುವೆ ಐದು ವರ್ಷವಿದ್ದು ಹಿಂದೆಗೆದವರಿಗೆ ಸ್ಥಾಪಕಿಯೆಂಬ ಹೆಸರು ಹೇಗೆ ಸಲ್ಲುತ್ತದೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವೈಯಾಕರಣರು ಮಾಡುವವನನ್ನೂ ಮಾಡಿಸುವವನನ್ನೂ ಬೇರೆ ಬೇರೆಯಾಗಿ ಎಣಿಸಿ, ಪ್ರಯೋಜ್ಯಕರ್ತೃ ಪ್ರಯೋಜಕಕರ್ತೃ ಎಂದು ಇಬ್ಬರಿಗೂ ಕರ್ತೃತ್ವವನ್ನು ಒಪ್ಪಿದ್ದಾರೆ. ನಮ್ಮ ಶಾಸನಗಳಲ್ಲಿಯೂ ಬಸದಿ ದೇಗುಲಗಳನ್ನು ಮಾಡಿಸಿದವರ ಹೆಸರು ಒಂದು ಕಡೆ, ಮಾಡಿದ ರೂವಾರಿಯ ಹೆಸರು ಇನ್ನೊಂದು ಕಡೆ ಇರುತ್ತದೆ. ಮರೀ ಎಫ್ರೇಮರು ಮಾಡಿಸಿದವರು, ಮರೀ ದೇಸಾಂಜರು ಮಾಡಿದವರು ಎಂದು ಹಂಚಿಕೊಟ್ಟರೆ ವೆರೋನಿಕಾ ಮಾತೆಯವರಿಗೆ ಉಳಿಯುವುದು ಏನು?

ಉಳಿಯುವುದು ಸೂತ್ರ. ಬಿಷಪ್ಪರಿಗೆ ಸಂಕಲ್ಪವಿದ್ದಿತು, ಆದರೆ ಧ್ಯಾನದಲ್ಲಿ ಕುಳಿತ ಸ್ತ್ರೀಯು ಶಾಲೆಯಲ್ಲಿಯೂ ನಿಲ್ಲುವುದು ಹೇಗೆಂಬುದನ್ನು ಯಾವ ಪುರುಷನೂ ಬಾಳಿ ತೋರಿಸಲಾರನಷ್ಟೆ. ಹತ್ತು ಹದಿನೈದು ವರ್ಷ ಶಾಲೆಗಳಲ್ಲಿ ದುಡಿದು, ಅನಂತರ ಕಾರ್ಮೆಲಿನ ಮೌನವನ್ನು ಅಭ್ಯಸಿಸಿ, ಎರಡನ್ನೂ ಒಳಗಿನಿಂದ ಬಲ್ಲವರು ಆ ಕಾಲದಲ್ಲಿ ಅವರೊಬ್ಬರೇ ಇದ್ದರು. ಮಂಗಳೂರಿಗೆ ಬಂದವರು ಬೋಧಿಸಿದುದೂ ಪ್ರಾರ್ಥಿಸಿದುದೂ ಬಯೋನಿನಲ್ಲಿ ಕಲಿತಂತೆಯೇ. 1873ರ ಅನಂತರ ಎರಡು ಆಧಾರಗಳೂ ತಪ್ಪಿದಾಗ ಸಂಸ್ಥೆಯು ಕುಸಿಯದೆ ಉಳಿದುದು ಆ ಶಿಕ್ಷಣದ ಗುಣಕ್ಕೆ ಪ್ರಮಾಣ. ಸೂತ್ರಕಾರನು ಭಾಷ್ಯವನ್ನು ಬರೆಯಲಿಲ್ಲವೆಂದು ಯಾರೂ ಅವನನ್ನು ಶಾಸ್ತ್ರದಿಂದ ಹೊರಗಿಡುವುದಿಲ್ಲ. ಆದರೂ ಮರೀ ದೇಸಾಂಜರ ಹೆಸರು ಮಂಗಳೂರಿನ ಹೊರಗೆ ಇಷ್ಟು ಕಡಮೆ ಕೇಳಿಬರುವುದು ನ್ಯಾಯವಲ್ಲ. ಭಾಷ್ಯವಿಲ್ಲದ ಸೂತ್ರವನ್ನು ಓದುವವರಾದರೂ ಯಾರು?

ಹಿಂದೆಗೆದುದನ್ನು ಸೋಲೆಂದು ಭಾವಿಸುವುದಕ್ಕೂ ಆಧಾರ ಸಾಲದು. ಕಾರ್ಮೆಲಿನ ಏಕಾಂತವಾಸವು ಅವರು ಮೊದಲಿನಿಂದಲೂ ಬಯಸಿದ್ದುದು. ಸಂಸ್ಥೆಯ ಸ್ಥಾಪನೆಯೇ ಅವರನ್ನು ಅದರಿಂದ ಐದು ವರ್ಷ ಹೊರಗಿರಿಸಿತ್ತು. ಬೆತ್ಲೆಹೇಮಿನಲ್ಲಿ 1875ರಲ್ಲಿ ಮರಿಯಮಳ ಪ್ರಯತ್ನದಿಂದ ಆರಂಭವಾದ ಕಾರ್ಮೆಲ್ ಮಠದಲ್ಲಿಯೂ ವೆರೋನಿಕಾ ಮಾತೆಯವರು ಕೆಲವು ಕಾಲವಿದ್ದರು. ಮರಿಯಮಳು 1878ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಮಾತೆಯವರು ಮತ್ತೆ ಪೋ ಮಠಕ್ಕೆ ಬಂದು, 1906ನೆಯ ನವೆಂಬರ್ 16ರಂದು ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ ಅಲ್ಲಿಯೇ ಮೃತರಾದರು. ಭಾರತಕ್ಕೆ ಮತ್ತೆ ಬರಲಿಲ್ಲ.

ಫ್ರಾನ್ಸಿಸ್ ಪೋಪರು 2014ರಲ್ಲಿ ಇವರ ಧರ್ಮನಿಷ್ಠೆಯನ್ನು ಅಂಗೀಕರಿಸಿ ಇವರನ್ನು ಪೂಜ್ಯರೆಂದು ಘೋಷಿಸಿದರು. ಮರುವರ್ಷ ಮೇ 17ರಂದು ಮರಿಯಮಳಿಗೆ ಸಂತಪದವಿಯು ಸಂದಿತು. ಅಪೊಸ್ತಲಿಕ ಕಾರ್ಮೆಲಿನ ಶಾಲೆ ಕಾಲೇಜುಗಳು ಭಾರತದಲ್ಲಲ್ಲದೆ ಶ್ರೀಲಂಕೆ, ಕುವೈತ್, ಬಹರೇನ್ ದೇಶಗಳವರೆಗೆ ಹರಡಿವೆ. ಕಲ್ಲಿಕೋಟೆಯಲ್ಲಿ ಅವರು ಸಂತ ಜೋಸೆಫರ ಸಂಘದವರಾಗಿದ್ದಾಗ ಆರಂಭಿಸಿದ ಆ ಬಾಲಿಕಾ ಪಾಠಶಾಲೆಯು ಮುಂದೆ ಅಪೊಸ್ತಲಿಕ ಕಾರ್ಮೆಲಿನವರ ಕೈಸೇರಿ, ಈಗಲೂ ಅವರ ಆಡಳಿತದಲ್ಲಿಯೇ ನಡೆಯುತ್ತಿದೆ.